ಸೊನ್ನೆ ತೆಗೆದ ಶಂಭುಲಿಂಗಪ್ಪನವರು

ಶಂಭುಲಿಂಗಪ್ಪನವರ ಬಳಿ ಏನನ್ನಾದರೂ ಕೇಳಲು ಹೋದವರು ಏನನ್ನಾದರೂ ಬಿಟ್ಟುಕೊಟ್ಟೇ ಹಿಂತಿರುಗಬೇಕಿತ್ತು. ಹೆಂಡತಿ ರಾಜಶ್ರೀ ಹೊಸ ಕುಕ್ಕರ್ ತಂದರೆ ಹಳೆಯ ಪಾತ್ರೆಯೊಂದು ಅಂದೇ ಮನೆಯಿಂದಾಚೆ ಹೋಗಬೇಕು. ಆ ತಾಯಿಯ ಸಹನೆಗೆ ಕೈಮುಗಿಯಬೇಕು. ಶಂಭುಲಿಂಗಪ್ಪನವರು ಕಟ್ಟುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಗೂ ಇದೇ ಕಟ್ಟಳೆ. "ಸೇರಿಸ್ಬೇಕಾ? ಸರಿ. ಯಾವ್ದನ್ನ ತೆಗೀತೀರಿ, ಹೇಳಿ" ಎಂದು ಕನ್ನಡಕವನ್ನು ಹಣೆಗೇರಿಸಿ ಕಾಯುವರು. ಕೇಳಿದವರು ತಡವರಿಸಿದರೋ, ಕನ್ನಡಕ ಇಳಿಯಿತು, ಮಾತು ಮುಗಿಯಿತು.

ಹೊಸ ಶತಮಾನ ಕಾಲಿಟ್ಟ ಹೊಸತು. ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರಿಕೆಗೆ ಸಲಾಮು ಹೊಡೆದು ಬಂದ ಅವರು, ಜಯನಗರದ ಬಟ್ಟೆಯಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ, ಬೇಸಿಗೆಯಲ್ಲೂ ಬಿಚ್ಚದ ಬೂದು ಸ್ವೆಟರಿನೊಳಗೆ ಕುಳಿತು 'ಗೆರೆ' ಎಂಬ ಭಾಷೆಯನ್ನು ರೂಪಿಸುತ್ತಿದ್ದರು. ಅದರಲ್ಲಿ ಬರೆದದ್ದನ್ನು ಕಂಪೈಲರ್ ಮೊದಲೇ ಪರೀಕ್ಷಿಸಿ, ಕಾರ್ಖಾನೆಯ ಯಂತ್ರಗಳಿಗೆ ಅರ್ಥವಾಗುವ ಆಜ್ಞೆಗಳಾಗಿ ಇಳಿಸಿಕೊಡುತ್ತಿತ್ತು. ಆ ಭಾಷೆಯ ಹೆಮ್ಮೆಯೆಂದರೆ ಸೊನ್ನೆ. ಬರೆಯುವವರು ಬೀಜಗಣಿತದ ಎಕ್ಸ್‌ನಂಥ ಯಾವುದಾದರೂ ಹೆಸರಿಗೆ ಬೆಲೆ ಕೊಡಲು ಮರೆತರೆ, ಭಾಷೆಯೇ ಅಲ್ಲಿ ಸೊನ್ನೆ ತುಂಬಿಕೊಂಡು ಮುಂದೆ ಸಾಗುವುದು. ಮರೆಯುವುದು ಮನುಷ್ಯಸ್ವಭಾವ, ಮರೆತವನನ್ನು ಸಲಹುವುದು ಭಾಷೆಯ ಧರ್ಮ ಎಂದು ಅವರು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದರು. ಮಗುವಿನ ಜಾಣತನ ಹೇಳುವ ತಂದೆಯ ದನಿ ಅದು.

ಆ ಸೊನ್ನೆಯೇ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಎಡವಟ್ಟು ಮಾಡಿತು. ಅಲ್ಲಿನ ಬಟ್ಟೆ ಕತ್ತರಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಅವರ ಶಿಷ್ಯೆ ಜಯಶೀಲಾ. ಅಲಗಿನ ಕೆಳಗೆ ಕೈ ಇದೆಯೇ ಎಂದು ಸೆನ್ಸರ್ ಹೇಳಬೇಕು. ಒಂದು ಕಡೆ ಆ ಉತ್ತರವನ್ನು ತುಂಬಿಸಲು ಅವಳು ಮರೆತಿದ್ದಳು. ಭಾಷೆ ತನ್ನ ಧರ್ಮದಂತೆ ಸೊನ್ನೆ ಹಾಕಿತು. ಯಂತ್ರದ ಲೆಕ್ಕದಲ್ಲಿ ಸೊನ್ನೆಯೆಂದರೆ ಕೈ ಇಲ್ಲ. ಈಶ್ವರಮ್ಮ ಎಂಬಾಕೆ ಬಟ್ಟೆಗೆ ಗುರುತು ಹಾಕಿ ಕೈ ಹಿಂತೆಗೆಯುತ್ತಿದ್ದರಷ್ಟೆ, ಅಲಗು ಧಡಕ್ಕನೆ ಇಳಿಯಿತು. ಅವರು ಬಿಟ್ಟಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

ಮರುದಿನ ಮೇಜಿನ ಸುತ್ತ ಮೂವರು ಕೂತರು. ಬೆಲೆ ಕೊಡದ ಹೆಸರು ಒಂದೇ ಒಂದಿದ್ದರೂ ಕಂಪೈಲರ್ ಇಡೀ ಪ್ರೋಗ್ರಾಮನ್ನು ತಿರಸ್ಕರಿಸಬೇಕು ಎಂದಳು ಜಯಶೀಲಾ. ಕನ್ನಡಕ ಹಣೆಗೇರಿತು. ತೆಗೆಯುವುದು ಯಾವುದನ್ನು?

"ಸೊನ್ನೆ ತೆಗೀರಿ ಸಾರ್."

ಶಂಭುಲಿಂಗಪ್ಪನವರ ಮುಖ ಬಿಳಿಚಿಕೊಂಡಿತು. ಮರೆತವಳು ನೀನು, ಶಿಕ್ಷೆ ನನ್ನ ಭಾಷೆಗೇ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ವ್ಯವಹಾರ ನೋಡಿಕೊಳ್ಳುತ್ತಿದ್ದ ಗದಗಿನ ಸಂಗಮೇಶ ಮಾತ್ರ ಹೌಹಾರಿದ. ಸೋಮವಾರ ಮುಂಬೈನ ದೊಡ್ಡ ಕಂಪನಿಯವರು ಭಾಷೆಯನ್ನು ಕೊಳ್ಳಲು ಬರುವವರಿದ್ದರು; ಅವರು ತಾವೇ ಬರೆದು ನೋಡಿದ ಪ್ರೋಗ್ರಾಮುಗಳೆಲ್ಲ ಸೊನ್ನೆಯನ್ನೇ ನಂಬಿಕೊಂಡಿದ್ದವು. "ಈಗ ಬ್ಯಾಡ್ರಿ ಸರ. ಎಚ್ಚರಿಕಿ ಅಂತ ಒಂದು ಸಾಲು ತೋರ್ಸಿ ಬಿಟ್ಬಿಡೋಣು. ಅವ್ರು ಬಂದು ಹೋಗ್ಲಿ, ಆಮ್ಯಾಲೆ ನೋಡೋಣು" ಎಂದು ಅಂಗಲಾಚಿದ. ಭಾಷೆ ಮಾರಾಟವಾಗದಿದ್ದರೆ ಆ ಎರಡು ಕೋಣೆಗಳಿಗೆ ಬೀಗ ಬೀಳುವುದು ಮೂವರಿಗೂ ಗೊತ್ತಿತ್ತು.

ಶಂಭುಲಿಂಗಪ್ಪನವರು ಎದ್ದು, ಎಡಭುಜವನ್ನು ತುಸು ಮುಂದೆ ಚಾಚಿ ಗಾಳಿಯನ್ನು ತಳ್ಳಿಕೊಂಡು ಹೋಗುವಂಥ ತಮ್ಮ ನಡಿಗೆಯಲ್ಲಿ ಮೆಟ್ಟಿಲಿಳಿದು, ಬಸ್ಸು ಹಿಡಿದು ಬೊಮ್ಮನಹಳ್ಳಿಗೆ ಹೋದರು. ಯಂತ್ರ ನಿಂತಿತ್ತು. ಈಶ್ವರಮ್ಮ ಪಕ್ಕದ ಮೇಜಿನಲ್ಲಿ ಕೈಕತ್ತರಿ ಹಿಡಿದಿದ್ದರು. ಭಾಷೆ ಕಟ್ಟಿದವನು ನಾನೇ ಎಂದು ಇವರು ಹೇಳಿಕೊಂಡರು. ಆಕೆ ಬೈಯಲಿಲ್ಲ.

"ಕೈ ಇದ್ರೆ ನಿಲ್ಲತ್ತೆ ಅಂದಿದ್ರು, ನಂಬಿದ್ದೆ ಸಾರ್. ಇನ್ಮೇಲೆ ನಂಬೋದಾ ಬೇಡ್ವಾ, ನೀವೇ ಹೇಳ್ಬಿಡಿ."

ಶಂಭುಲಿಂಗಪ್ಪನವರು ಜಯನಗರಕ್ಕೆ ಹಿಂತಿರುಗಿ ಬಂದವರೇ ಸೊನ್ನೆಯನ್ನು ಕಿತ್ತರು. ಹೊಸ ಕಟ್ಟಳೆ ಮೊದಲು ತಿರಸ್ಕರಿಸಿದ್ದು ಕಂಪೈಲರನ್ನೇ; ಅದನ್ನೂ ಅವರು ಗೆರೆಯಲ್ಲೇ ಬರೆದಿದ್ದರಲ್ಲ! ಪರದೆ ತುಂಬ ದೋಷಗಳು, ಎಲ್ಲವೂ ಅವರೇ ಬರೆದ ಸಾಲುಗಳಲ್ಲೇ. ಇಷ್ಟೆಲ್ಲ ನಾನೇ ಮರೆತಿದ್ದೆನೇ ಎಂದು ಅವರು ನಾಚಿಕೆಯಿಂದ ಕುಗ್ಗಿಹೋದರು. ಜಯಶೀಲಾ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಒಂದೊಂದೇ ಸಾಲು ತಿದ್ದಿದರು. ಸೋಮವಾರ ಬಂದ ಮುಂಬೈನವರ ಪ್ರೋಗ್ರಾಮುಗಳನ್ನೂ ಕಂಪೈಲರ್ ಒಳಗೆ ಬಿಡಲಿಲ್ಲ. ಅವರು ಕಾಫಿ ಕುಡಿದರು, ಸೌಜನ್ಯದಿಂದ ಕೈಕುಲುಕಿದರು, ಹೋದವರು ಮತ್ತೆ ಫೋನೆತ್ತಲಿಲ್ಲ. ಸಂಗಮೇಶ ಒಂದು ವಾರ ಮಾತು ಬಿಟ್ಟ.

ಆ ವಾರದಲ್ಲೇ ಬೊಮ್ಮನಹಳ್ಳಿಯ ಯಂತ್ರಕ್ಕೆ ಹೊಸ ಪ್ರೋಗ್ರಾಂ ಕೂರಿಸಿ, ಅಲಗಿನಡಿಗೆ ಮೊದಲು ತಮ್ಮ ಕೈಯನ್ನೇ ಇಟ್ಟು ನೋಡಿ, ಶಂಭುಲಿಂಗಪ್ಪನವರು ಈಶ್ವರಮ್ಮನಿಗೆ ಉತ್ತರ ಹೇಳಿದರು: "ಇವತ್ತು ನಂಬಬಹುದು ತಾಯಿ. ನಾಳೆ ಇನ್ನೊಂದ್ಸಲ ಕೇಳಿ."

ಮಳಿಗೆಯ ಮೇಲಿನ ಕೋಣೆಗಳಿಗೆ ಬೀಗ ಬಿತ್ತು. ಏನೇನು ಸೇರಿಸಿದೆವು ಎಂದು ಹೇಳಿಕೊಳ್ಳುವವರ ಭಾಷೆಗಳು ಊರ ತುಂಬ ಮೆರೆದವು. ಶಂಭುಲಿಂಗಪ್ಪನವರಂಥವರಿಗೆ ಮಾತ್ರ ಲೋಕದೆದುರು ತೋರಿಸಲು ಏನೂ ಉಳಿಯುವುದಿಲ್ಲ. ತಮಗೆ ಪರಮಪ್ರಿಯವಾದದ್ದನ್ನು ಅವರು ಕಿತ್ತುಹಾಕಿದ್ದರಿಂದ ಯಾವುದೋ ಬೀದಿಯಲ್ಲಿ ಒಬ್ಬ ಹೆಂಗಸು ಸಂಜೆ ಮನೆಗೆ ಬಂದು ಎರಡೂ ಕೈಯಲ್ಲಿ ಬಿಸಿಬಿಸಿ ಮುದ್ದೆ ಕಟ್ಟುತ್ತಿರುತ್ತಾಳೆ. ಅವರ ಹೆಸರು ಅವಳಿಗೆ ನೆನಪಿರಬೇಕಾಗಿಯೂ ಇಲ್ಲ.