ಅಶ್ವತ್ಥಕಟ್ಟೆಯ ಸೊಣ್ಣಪ್ಪನವರು

ಸಹೃದಯರೇ, ಒಂದು ಗಳಿಗೆ ಮನಸ್ಸನ್ನು ಇತ್ತ ಕೊಟ್ಟು ಆಲಿಸಿರಿ: ಕಟ್ಟಿದ ಚೀಲವನ್ನು ಬಿಚ್ಚಿ ನೋಡದೆ ಎಂದೂ ಕೈಗೆತ್ತಿಕೊಳ್ಳದ ಪುಣ್ಯಾತ್ಮರೊಬ್ಬರನ್ನು ನಾನು ಬಲ್ಲೆ. ಸೊಣ್ಣಪ್ಪನವರೆಂದು ಹೆಸರು, ಮನೆಮನೆಯ ಕಸ ಒಯ್ಯುವ ಪೌರಕಾರ್ಮಿಕರು. ನಸುಕಿನಲ್ಲಿ ಬಾಗಲೂರಿನಿಂದ ಹೊರಟು, ನಮ್ಮ ಯಲಹಂಕದ ಬಡಾವಣೆಯಲ್ಲಿ ಕಸದ ಆಟೋಗಿಂತ ಹತ್ತು ಹೆಜ್ಜೆ ಮುಂದಾಗಿ, ಎಡಗಾಲನ್ನು ತುಸು ಎಳೆಯುತ್ತ, ಉತ್ಸವಮೂರ್ತಿಯ ಮುಂದೆ ದೀವಟಿಗೆ ಹಿಡಿದವರ ಗಾಂಭೀರ್ಯದಿಂದ ನಡೆದುಬರುತ್ತಾರೆ. ಮಳೆಬಿಸಿಲೆನ್ನದೆ ಮೈಮೇಲೆ ಅದೇ ಖಾಕಿ ಕೋಟು. ಅದರ ಜೇಬಿನಲ್ಲೊಂದು ಇಕ್ಕಳ. ಪ್ರತಿ ಮನೆಯ ಬಾಗಿಲಲ್ಲೂ ಅವರದು ಒಂದೇ ಮಾತು:

"ಗಂಟು ಬಿಚ್ಚಿ ತಾಯಿ. ಸೊಪ್ಪಿನ್ ಜೊತೆ ಬ್ಲೇಡ್ ಕಳ್ಸಿದ್ರೆ ನಮ್ ಕೈಗೇ ಕ್ಷೌರ!"

ನಮ್ಮ ಬೀದಿಯ ಕೊನೆಗೆ ಅಶ್ವತ್ಥಕಟ್ಟೆಯಿದೆ. ಗಾಜು ಬಿರಿದ ದೇವರ ಪಟಗಳು, ಬಾಡಿದ ಹಾರಗಳು, ಕಸದ ಬುಟ್ಟಿಗೆ ಹಾಕಲು ಮನಸ್ಸೊಪ್ಪದ ಸಮಸ್ತವೂ ಪ್ಲಾಸ್ಟಿಕ್ ಕವರಿನಲ್ಲಿ ಅಲ್ಲಿಗೆ ಬಂದು ಬೀಳುತ್ತಿದ್ದವು. ಶನಿವಾರದ ಪ್ರವಚನದಲ್ಲಿ "ಅಲ್ಲಿಯೇ ಬಿಡಿ, ದೋಷವಿಲ್ಲ" ಎಂದು ಅಪ್ಪಣೆ ಕೊಟ್ಟ ಅವಿವೇಕಿ ನಾನೇ. ರಾಶಿ ಮೊಣಕಾಲೆತ್ತರ ಬೆಳೆಯಿತು. ಕಳೆದ ಆಷಾಢದಲ್ಲಿ ಅದನ್ನು ಬಾಚುವಾಗ ಅವರ ಜೊತೆಗಾರ ಮುನಿಶಾಮಿಯ ಅಂಗೈಯನ್ನು ಗಾಜು ಸೀಳಿತು. ಮರುದಿನ ಸೊಣ್ಣಪ್ಪನವರು ಕಟ್ಟೆಯ ಮೇಲೆಯೇ ಕುಳಿತು ಪಟಗಳನ್ನು ಒಂದೊಂದಾಗಿ ಬಿಡಿಸತೊಡಗಿದರು: ಗಾಜು ಒಂದೆಡೆ, ಚೌಕಟ್ಟು ಒಂದೆಡೆ, ಮೊಳೆಗಳು ಡಬ್ಬಿಗೆ, ಚಿತ್ರವನ್ನು ಮಾತ್ರ ಕಣ್ಣಿಗೊತ್ತಿಕೊಂಡು ಬಕೆಟ್ಟಿನ ನೀರಿನಲ್ಲಿ ಕರಗಲು ಬಿಡುತ್ತಿದ್ದರು.

ಕಂಡವರು ಹೌಹಾರಿದರು. ಭಜನಾ ಮಂಡಳಿಯ ಕಾರ್ಯದರ್ಶಿ ಗುರುಚರಣ್, ಇವರನ್ನು ಕೆಲಸದಿಂದಲೇ ತೆಗೆಯಬೇಕೆಂದು ಅರ್ಜಿ ಬರೆದು, ಇಪ್ಪತ್ತು ಸಹಿ ಮಾಡಿಸಿ, ಕೊನೆಯ ಸಹಿಗಾಗಿ ನನ್ನನ್ನು ಕಟ್ಟೆಗೇ ಕರೆತಂದರು.

"ಏನಯ್ಯಾ, ದೇವರನ್ನೇ ಒಡೀತಿದೀಯಲ್ಲ!" ಎಂದು ಗುರುಚರಣ್ ಗದರಿದರು.

"ಒಡೀತಿಲ್ಲ ಸಾಮಿ, ಬಿಡಿಸ್ತಿವ್ನಿ," ಎಂದರು ಸೊಣ್ಣಪ್ಪನವರು ತಲೆಯೆತ್ತದೆ. "ಇಂಗೇ ಬಿಟ್ರೆ ನಾಯಿ ಯಾರ್ ಮೇಲೆ ಕಾಲೆತ್ತುತ್ತೆ, ನೀವೇ ಏಳಿ."

ಸಹಿಗೆಂದು ತೆರೆದ ನನ್ನ ಲೇಖನಿ ಅಲ್ಲಿಯೇ ನಿಂತಿತು. ಗುಂಪಿನಲ್ಲಿದ್ದ ನಿವೃತ್ತ ಶಿಕ್ಷಕಿ ಕೃಷ್ಣವೇಣಮ್ಮನವರು ಮುಂದೆ ಬಂದು ಒಂದು ಪಟವನ್ನು ತಿರುಗಿಸಿದರು. ಹಿಂಬದಿಯಲ್ಲಿ ಅವರ ಯಜಮಾನರ ಕೈಬರಹ.

"ಇದು ನಮ್ಮನೇದು ಕಣ್ರೀ. ನಾನೇ ತಂದು ಎಸೆದದ್ದು," ಎಂದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕುಳಿತರು. "ಮೊಳೆ ಹೇಗಪ್ಪಾ ಕೀಳೋದು? ತೋರಿಸು."

ತಪ್ಪು ಅಪ್ಪಣೆ ಕೊಟ್ಟವನು ನಾನು, ಶಿಕ್ಷೆ ಇವರಿಗೆ ಸಲ್ಲದು ಎಂದು ಎಲ್ಲರ ಮುಂದೆ ನುಡಿದೆ. ಗುರುಚರಣರ ಮುಖ ಕೆಂಪಾಯಿತು, ಅರ್ಜಿಯನ್ನು ಹರಿಯಹೋದರು.

"ಅರೀಬ್ಯಾಡಿ ಸಾಮಿ! ಇಡೀ ಕಾಗ್ದಾನೇ ಒಳ್ಳೇದು. ಒಣ ಕಸದ್ ಚೀಲ ಅಲ್ಲೈತೆ."

ಮೊದಲು ನಕ್ಕವರು ಗುರುಚರಣರೇ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ನಲವತ್ತು ಮಂದಿ, ಅಕ್ಕಪಕ್ಕದ ಮೂರು ಬಡಾವಣೆಗಳವರೂ ಸೇರಿ, ಆ ಕಟ್ಟೆಯ ಸುತ್ತ ಕುಳಿತು ರಾಮನಾಮ ಹೇಳುತ್ತ ಮೊಳೆ ಕೀಳುತ್ತಾರೆ. ಹಾರಗಳು ಗೊಬ್ಬರವಾಗಿ ಬೇರಿಗಿಳಿಯುತ್ತವೆ. ಕರಗಿದ ಚಿತ್ರಗಳ ಮುದ್ದೆ ಕಾಗದದ ಮೂಟೆ ಸೇರುತ್ತದೆ. ಪ್ರದಕ್ಷಿಣೆಯವರು ಬರಿಗಾಲಿನಲ್ಲಿ ನಿರ್ಭಯವಾಗಿ ಸುತ್ತುತ್ತಾರೆ. ಸೊಣ್ಣಪ್ಪನವರು ಒಂದು ದಿನ ಬಾರದಿದ್ದರೆ ಗುರುಚರಣರೇ ಫೋನ್ ಮಾಡಿ, "ಏನ್ ಸ್ವಾಮಿ, ಹುಷಾರಾಗಿದೀರಾ?" ಎಂದು ವಿಚಾರಿಸುತ್ತಾರೆ.

ಇಂಥವರ ಭಕ್ತಿ ಮಂಗಳಾರತಿಗೆ ಮುಗಿಯುವುದಿಲ್ಲ. ನಾವು ಕೈಮುಗಿದು ಬೆನ್ನು ತಿರುಗಿಸುವ ಜಾಗದಿಂದಲೇ ಅದು ಆರಂಭವಾಗುತ್ತದೆ. ನಗರವೆಷ್ಟೇ ಬೆಳೆಯಲಿ, ಅದನ್ನು ವಾಸಯೋಗ್ಯವಾಗಿ ಉಳಿಸುವವರು ಇವರೇ. ಆದುದರಿಂದ, ಬಂಧುಗಳೇ, ಹಳೆಯದಾದ ಪಟವನ್ನು ಇನ್ನು ಯಾವ ಮರದಡಿಯೂ ಬಿಟ್ಟುಬರಬೇಡಿರಿ; ಚಾಪೆ ಹಾಸಿ, ಮನೆಮಂದಿಯೆಲ್ಲ ಕುಳಿತು, ನಮಸ್ಕರಿಸಿ, ನಿಮ್ಮ ಕೈಯಾರೆ ಬಿಡಿಸಿರಿ.