ಕಬ್ಬಿನ ಬೂಷ್ಟಿಗೆ ಜೀಪು, ಕಾಲಿನ ಬೂಷ್ಟಿಗೆ ಅರಿಶಿನ

ಬೆಸಗರಹಳ್ಳಿಯ ಕಬ್ಬಿಗೆ ರೋಗ ಬಿದ್ದಿತು. ಸೋಗೆ ಒಣಗಿತು. ಜಲ್ಲೆ ಸೀಳಿದರೆ ಒಳಗೆಲ್ಲ ಕೆಂಪು, ಹುಳಿ ಹೆಂಡದ ವಾಸನೆ. ಊರಿನ ಗಂಡಸರು ಸುಮ್ಮನೆ ಕೂರಲಿಲ್ಲ. ರೋಗದ ಜಲ್ಲೆಗಳನ್ನು ಗಾಡಿಗೆ ಹೇರಿಕೊಂಡು ಹೋಗಿ ಮಂಡ್ಯದಲ್ಲಿ ಕೃಷಿ ಅಧಿಕಾರಿಯ ಬಾಗಿಲಲ್ಲೇ ಸುರಿದು ಬಂದರು. ಸ್ವಲ್ಪ ದಿನಕ್ಕೇ ಊರಿಗೆ ಜೀಪು ಬಂತು.

ಅಧಿಕಾರಿ ಗದ್ದೆಗಿಳಿದು ಜಲ್ಲೆ ಸೀಳಿ, ಮೂಸಿ ನೋಡಿ, ಕಾಗದದಲ್ಲಿ ಸುತ್ತಿಟ್ಟುಕೊಂಡರು. "ಇದು ಬೂಷ್ಟಿನಿಂದ ಬರೋ ರೋಗ ಕಣ್ರಪ್ಪ. ಸಂಶೋಧನೆಯವರು ನೋಡ್ತಾರೆ, ರೋಗ ತಡೆಯೋ ತಳಿ ಕೊಡ್ತಾರೆ. ಅದಕ್ಕೆ ಅಂತಲೇ ಸರ್ಕಾರ ದುಡ್ಡು ಇಟ್ಟಿದೆ."

ಮಂಡ್ಯಕ್ಕೆ ಹೋದ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನಾಗಯ್ಯ. ಆದರೆ ಈಗ ಅವನು ನಿಂತಿದ್ದುದು ಬದುವಿನ ಆಚೆ. ಅರಿಶಿನದ ಬಟ್ಟೆ ಸುತ್ತಿದ್ದ ಎಡಗಾಲನ್ನು ಹುಲ್ಲಿನ ಮರೆಗೆ ಇಟ್ಟುಕೊಂಡಿದ್ದ. ಬುತ್ತಿ ತಂದಿದ್ದ ಅವನ ಹೆಂಡತಿ ಹೊಂಬಾಳಮ್ಮ ಅದನ್ನು ಕಂಡು ಹಲ್ಲು ಕಚ್ಚಿಕೊಂಡಳು.

ಎರಡು ವರ್ಷದ ಹಿಂದೆ ಆ ಕಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ಮುಳ್ಳು ಕಿತ್ತರು, ಮರೆತರು. ಆಮೇಲೆ ಪಾದದಲ್ಲಿ ಗಂಟೆದ್ದಿತು. ನೋವಿಲ್ಲ, ಹಾಗಾಗಿ ಚಿಂತೆಯೂ ಇಲ್ಲ. ಗಂಟು ಒಡೆದು ತೂತು ಬಿದ್ದಿತು. ತೂತಿನಿಂದ ಕೀವು, ಕೀವಿನ ಜೊತೆ ಇದ್ದಿಲ ಪುಡಿಯಂಥ ಕಪ್ಪು ಕಾಳು. ಊರವರು ನಾಗದೋಷ ಎಂದರು. ಕೆಲವರು ಕುಷ್ಠವೆಂದು ಪಿಸುಗುಟ್ಟಿದರು. ಪೇಟೆಯ ವೈದ್ಯನೊಬ್ಬ ಒಂದಷ್ಟು ಸೂಜಿಮದ್ದು ಚುಚ್ಚಿ, ವಾಸಿಯಾಗದಿದ್ದಾಗ "ಮೊಣಕಾಲ ಕೆಳಗೆ ಕತ್ತರಿಸಬೇಕು" ಎಂದು ಕೈಚೆಲ್ಲಿದ. ಗದ್ದೆಗೆ ಇಳಿಯುವವನಿಗೆ ಕಾಲೇ ಹೋದರೆ ಉಳಿಯುವುದೇನು?

ಮರುದಿನ ಬೆಳಿಗ್ಗೆ ತಿರುಮಲಮ್ಮ ಬಂದರು. ಅವರು ಮದ್ದೂರಿನವರು, ಊರಿನ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುತ್ತಿದ್ದರು. ಹೊಂಬಾಳಮ್ಮನ ಒಲೆಯ ಮೇಲೆ ಹಂಡೆ ನೀರು ಕಾಯುತ್ತಿತ್ತು.

"ಏನು ಹೊಂಬಾಳಮ್ಮ, ಮನೇಲಿ ಮದುವೇನಾ? ಇಷ್ಟು ನೀರು ಕಾಯಿಸ್ತಿದೀಯ?"

"ಮದ್ವೆ ಅಲ್ಲ ಕಣಮ್ಮಾರೆ. ಇವ್ರ ಕಾಲ ಮದ್ದೂರು ಆಸ್ಪತ್ರೇಲಿ ತೋರಿಸ್ಬೇಕು. ಈ ಗಬ್ಬುನಾತ ಇಟ್ಕಂಡು ಡಾಕ್ಟ್ರ ಮುಂದೆ ನಿಲ್ಲಕಾಯ್ತದಾ? ಚೆನ್ನಾಗಿ ತಿಕ್ಕಿ ತೊಳ್ದು, ಅರಿಸಿನ ಮೆತ್ತಿ, ಒಗ್ದಿರೋ ಬಟ್ಟೆ ಕಟ್ತೀನಿ."

"ಆ ಪೇಟೆ ವೈದ್ಯರ ಹತ್ರಾನೂ ಹೀಗೇ ತೊಳೆದು ಕರ್ಕೊಂಡು ಹೋಗಿದ್ಯಾ?"

"ಮತ್ತೆ? ನಾವೇನು ಮಾನಗೆಟ್ಟೋರಾ?"

ತಿರುಮಲಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಕೀವಿನ ಆ ಕಪ್ಪು ಕಾಳೇ ಕಣಮ್ಮ ಗುರುತು! ಮೊನ್ನೆ ಮದ್ದೂರಲ್ಲಿ ಡಾಕ್ಟ್ರು ನಮ್ಮ ಹೆಂಗಸರಿಗೆಲ್ಲ ಹೇಳಿದ್ರು. ಕಾಲಿಗೆ ಬೂಷ್ಟು ಹಿಡಿಯೋ ಕಾಯಿಲೆ ಒಂದಿದೆಯಂತೆ. ಮಣ್ಣಲ್ಲಿರುತ್ತೆ, ಮುಳ್ಳಿನ ಜೊತೆ ಒಳಗೆ ಹೋಗುತ್ತೆ. ಕಾಳು ಪರೀಕ್ಷೆ ಮಾಡಿದ್ರೆ ತಾನೆ ಗೊತ್ತಾಗೋದು? ನೀನು ಅದನ್ನೇ ತೊಳೆದುಬಿಟ್ರೆ ಅವರು ಏನು ನೋಡಬೇಕು, ನಿನ್ನ ಅರಿಶಿನಾನಾ?"

ಜಗಲಿಯ ಮೇಲಿದ್ದ ನಾಗಯ್ಯ ನಕ್ಕುಬಿಟ್ಟ. "ಬುಡಿ ಅಮ್ಮಾರೆ. ಬೂಸ್ಟು ಉಪ್ಪಿನಕಾಯ್ಗೆ ಬತ್ತದೆ, ಕಬ್ಬಿಗೆ ಬತ್ತದೆ. ಮನ್ಸನ ಕಾಲಿಗೆ ಬಂದದ ಎಲ್ಲಾದ್ರೂ? ಒಂದು ನಾಗರಕಲ್ಲು ನಿಲ್ಲಿಸ್ತೀನಿ, ವಾಸಿಯಾಯ್ತದೆ."

ಹೊಂಬಾಳಮ್ಮನಿಗೆ ಎಲ್ಲಿತ್ತೋ ಸಿಟ್ಟು. "ನಿಲ್ಲಿಸು ಕಣಯ್ಯ, ಒಂಟಿಕಾಲಲ್ಲಿ ನಿಂತ್ಕಂಡು ನಿಲ್ಲಿಸು! ಕಬ್ಬಿಗೆ ಕಾಯ್ಲೆ ಬಂದ್ರೆ ಗಾಡಿಗ್ ಹೇರ್ಕಂಡೋಗಿ ಸಾಹೇಬ್ರ ಬಾಗ್ಲಲ್ಲಿ ಸುರೀತೀಯ. ನಿನ್ ಕಾಲಿಗೆ ಬಂದ್ರೆ ಹುಲ್ಲಲ್ಲಿ ಬಚ್ಚಿಡ್ತೀಯ. ಆ ಕಬ್ಬನ್ನೂ ತೊಳ್ದು ಅರಿಸಿನ ಬಳ್ದು ಒಯ್ದಿದ್ದಾ?"

"ಸುಮ್ಕಿರಮ್ಮಿ, ಊರೋರು ಕೇಳಿಸ್ಕತಾರೆ..."

"ಕೇಳಿಸ್ಕಳ್ಳಿ! ಕಾಲು ಕತ್ತರಿಸಿದ್ ಮೇಲೆ ಊರೋರು ಬಂದು ಉಳ್ತಾರಾ?"

ಹಂಡೆಯ ನೀರನ್ನು ಹಿತ್ತಲಿಗೆ ಸುರಿದಳು. ತೊಳೆಯದ ಕಾಲು, ಒಗೆಯದ ಬಟ್ಟೆ, ಅದರಲ್ಲಿ ಅಂಟಿದ್ದ ಕಾಳು ಹಾಗೆಯೇ ಇರುವಂತೆ ಗಂಡನನ್ನು ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿ ಯಾರೋ ಮೂಗು ಮುಚ್ಚಿಕೊಂಡಾಗ "ಮುಚ್ಕಳಿ, ನಮ್ ಕಾಲು ಉಳೀಬೇಕು" ಎಂದಳು.

ಮದ್ದೂರಿನ ಡಾಕ್ಟರು ಬಟ್ಟೆಯಿಂದ ಕಾಳನ್ನು ಹೆಕ್ಕಿ ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ಬೂಷ್ಟೇ ಎಂದು ಉತ್ತರ ಬಂತು.

"ಇನ್ನೂ ಮೂಳೆಗೆ ಇಳಿದಿಲ್ಲ," ಎಂದರು ಡಾಕ್ಟರು. "ಗಂಟನ್ನಷ್ಟೇ ಬೇರುಸಮೇತ ತೆಗೆದರೆ ಕಾಲು ಉಳಿಯುತ್ತೆ. ಆದರೆ ಮತ್ತೆ ಬಂದರೂ ಬರಬಹುದು. ಬಂದರೆ ನುಂಗಿಸೋಕೆ ಒಳ್ಳೆ ಮದ್ದು ಇಲ್ಲ."

"ಯಾಕಿಲ್ಲ?" ಹೊಂಬಾಳಮ್ಮ ಎದ್ದು ನಿಂತಳು.

"ಹುಡುಕಿದ್ರೆ ತಾನೆ ಸಿಗೋದು? ಇದು ಎಲ್ಲ ಕಡೆ ಇಲ್ಲ. ಇಂಥ ಕೆಲವು ಸೀಮೆಗಳಲ್ಲಿ, ಬರಿಗಾಲಲ್ಲಿ ದುಡಿಯೋ ಕೆಲವರಿಗೆ ಬರುತ್ತೆ. ಮದ್ದಿನ ಕಂಪನಿಗೆ ಲಾಭ ಇಲ್ಲ. ಸರ್ಕಾರವೇ ದುಡ್ಡು ಹಾಕಿ ಸಂಶೋಧನೆ ಮಾಡಿಸಬೇಕು. ನಾವು ಕೇಳಿದರೆ 'ರೋಗಿಗಳೆಲ್ಲಿದ್ದಾರೆ ತೋರಿಸಿ' ಅಂತಾರೆ. ನೀವೆಲ್ಲ ಬಟ್ಟೆ ಸುತ್ತಿಕೊಂಡು ಮನೇಲಿ ಕೂತಿರ್ತೀರಿ."

"ಕೆಲವ್ರು ಅಂದ್ರೆ ಮನ್ಸರಲ್ವಾ ಡಾಕ್ಟ್ರೆ? ಕಬ್ಬಾದ್ರೆ ಸಕ್ರೆ ಆಯ್ತದೆ, ಎಲ್ರಿಗೂ ಬೇಕು. ಆ ಕಬ್ಬು ಬೆಳೆಯೋ ಕಾಲು ಯಾರ್ಗೂ ಬ್ಯಾಡ್ವಾ?"

ಡಾಕ್ಟರು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಮೈಸೂರಿನಲ್ಲಿ ಗಂಟು ತೆಗೆದರು. ನಾಗಯ್ಯನ ಕಾಲು ಉಳಿಯಿತು. ಕುಂಟುತ್ತಾನೆ, ಆದರೆ ತನ್ನ ಗದ್ದೆಗೆ ತಾನೇ ನೀರು ಕಟ್ಟುತ್ತಾನೆ. ಬದುವಿನ ಮೇಲೆ ಎಕ್ಕಡವಿಲ್ಲದೆ ಓಡಾಡುವುದಿಲ್ಲ.

ಬೇಸಿಗೆಯಲ್ಲಿ ಮಹಿಳಾ ಸಮಾಜದ ಹೊಸ ಕಟ್ಟಡ ತೆರೆಯಲು ಸರ್ಕಾರದ ಕಡೆಯ ದೊಡ್ಡವರೊಬ್ಬರು ಬಂದರು. ಹಾರ ಹಾಕಿಸಿಕೊಂಡು, ಕರೆಂಟು, ರಸ್ತೆ ಎಂದೆಲ್ಲ ಮಾತಾಡಿ, "ಇನ್ನೇನಾದರೂ ಬೇಕೇನಮ್ಮ?" ಎಂದರು. ಸುಮ್ಮನೆ ಕೇಳಿದ ಮಾತು. ಹೊಂಬಾಳಮ್ಮ ಎದ್ದಳು.

"ಬೇಕು ಸ್ವಾಮಿ. ಬೂಸ್ಟು ಕಾಯ್ಲೆಗೆ ಮದ್ದು ಹುಡುಕ್ಸಿ."

"ಆ ಥರದ್ದು ನಮ್ಮ ಕಡೆ ಎಲ್ಲಿದೆಯಮ್ಮ?"

ಅವಳು ಗಂಡನ ಕಡೆ ತಿರುಗಿದಳು. "ಏಳಯ್ಯ."

ದೊಡ್ಡವರಿಗೆ ಕಾಲು ತೋರಿಸುವುದೆಂದರೆ ಅವಮಾನ ಮಾಡಿದ ಹಾಗೆ. ಆದರೂ ನಾಗಯ್ಯ ಕುಂಟಿಕೊಂಡು ಮುಂದೆ ಬಂದು, ಗಾಯದ ಗುರುತಿನ ಪಾದವನ್ನು ವೇದಿಕೆಯ ಅಂಚಿನ ಮೇಲೆ ಇಟ್ಟ.

ಆಗ ಹಿಂದಿನ ಸಾಲಿನಲ್ಲಿ ನೆಂಟರ ಮನೆಗೆಂದು ಬಂದಿದ್ದ ಮಳವಳ್ಳಿ ಕಡೆಯ ಮಂಚಮ್ಮ ಎದ್ದು, ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ, ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದಳು. ಅವಳ ಪಕ್ಕದಲ್ಲಿ ಹೊಳಲು ಊರಿನ ಮುದುಕ ಕೆಂಪಸಿದ್ದಯ್ಯನೂ ಬಗ್ಗಿ ಬಟ್ಟೆಯ ಗಂಟಿಗೆ ಕೈಹಾಕಿದ. ಇಬ್ಬರದೂ ಅದೇ ಊದಿದ ಪಾದ, ಅದೇ ತೂತು.

"ನೋಡೋಣ, ನೋಡೋಣ," ಎಂದರು ದೊಡ್ಡವರು.

"ನೋಡಿದ್ದಾಯ್ತು ಸ್ವಾಮಿ. ಯಾವತ್ತು ಮಾಡಿಸ್ತೀರಿ, ಅದ್ ಹೇಳಿ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮುಳ್ಳು ಚುಚ್ಚಿದ ಜಾಗವನ್ನು ಸೋಪು ಹಾಕಿ ತೊಳೆಯಿರಿ. ಆಮೇಲೆ ಅಲ್ಲಿ ಗಂಟೆದ್ದರೆ, ನೋವಿಲ್ಲದಿದ್ದರೂ, ಆಸ್ಪತ್ರೆಗೆ ಹೋಗಿ. ಕೀವಿನಲ್ಲಿ ಕಾಳು ಕಂಡರೆ ಆ ಬಟ್ಟೆಯನ್ನು ಒಗೆಯದೆ ಹಾಗೆಯೇ ಒಯ್ದು ತೋರಿಸಿ. ಇದು ಶಾಪವಲ್ಲ, ಕುಷ್ಠವಲ್ಲ, ನಿಮ್ಮ ಮಾನ ಹೋಗುವಂಥದ್ದೂ ಅಲ್ಲ. ನಿಮ್ಮ ಊರಿಗೆ ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ನಮ್ಮ ಸೀಮೆಯ ಕಾಯಿಲೆಗೆ ಸಂಶೋಧನೆ ಎಲ್ಲಿ, ಮದ್ದು ಎಲ್ಲಿ?

ಹೊಂಬಾಳಮ್ಮನ ಸಿಟ್ಟು ಇನ್ನೂ ಇಳಿದಿಲ್ಲ. ಅದು ನಿಮಗೂ ಬರಲಿ.