ಕಲ್ಲಿನ ಆಚೆ ಬದಿ

೨೦೨೪ರ ಮೇ ೧೪, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಸೇಡಂನ ಕಾಲೇಜೊಂದರ ಪ್ರಯೋಗಾಲಯದ ಮುಂದೆ ಜೀಪು ನಿಂತಿತು. ಭೌತಶಾಸ್ತ್ರದ ಉಪನ್ಯಾಸಕಿ ಜಯಮಾಲಾ ಎರಡು ತಿಂಗಳಿಂದ ಕಾದಿದ್ದ ಜೀಪು ಅದು.

ಪಾಠಕ್ಕೆ ಬಳಸುತ್ತಿದ್ದ ಹಳೆಯ ರೇಡಿಯಂ ತುಣುಕಿನ ಸೀಸದ ಡಬ್ಬಿಯ ಮುಚ್ಚಳ ಬಿರುಕು ಬಿಟ್ಟದ್ದು ಅವಳಿಗೆ ಕಂಡಿದ್ದು ಮಾರ್ಚಿನಲ್ಲಿ. ಒಯ್ದು ವಿಲೇವಾರಿ ಮಾಡಿರೆಂದು ವಿಕಿರಣ ಸುರಕ್ಷತಾ ಕಚೇರಿಗೆ ಅಂದೇ ಬರೆದಳು. ಅಂದೇ ಡಬ್ಬಿಯನ್ನು ತನ್ನ ಕುರ್ಚಿಯ ಹಿಂದಿನಿಂದ ಸ್ಟೋರ್ ರೂಮಿಗೆ ಸಾಗಿಸಿದಳು. ದೂರ ಹೆಚ್ಚಿದಷ್ಟೂ ವಿಕಿರಣ ಇಳಿಯುತ್ತದೆಂದು ವರ್ಷವರ್ಷವೂ ಕಲಿಸಿದವಳು, ದೂರವನ್ನು ಅಳೆದದ್ದು ತನ್ನ ಕುರ್ಚಿಯಿಂದ ಮಾತ್ರ.

ಸ್ಟೋರಿಗೂ ಪಡಸಾಲೆಗೂ ನಡುವೆ ಇದ್ದದ್ದು ಗೋಡೆಯಂತೆ ನಿಲ್ಲಿಸಿದ ಒಂದೇ ಶಹಾಬಾದಿ ಕಲ್ಲಿನ ಚಪ್ಪಡಿ. ಕಳೆದ ವಾರ, ಅಟೆಂಡರ್ ಹಣಮವ್ವ ಬಿಸಿಲಿಗೆ ಬೆಂದು ಆ ಕಲ್ಲಿಗೆ ಬೆನ್ನು ಕೊಟ್ಟು ಕೂತದ್ದನ್ನು ಜಯಮಾಲಾ ಕಂಡಳು. ಒಳಗೆ ಅದೇ ಕಲ್ಲಿಗೆ ಒತ್ತಿ ಇಟ್ಟಿದ್ದ ಡಬ್ಬಿಯನ್ನು ಯಾರಿಗೂ ಹೇಳದೆ ಎದುರು ಮೂಲೆಗೆ ಸರಿಸಿದಳು.

ಜೀಪಿನಿಂದ ಇಳಿದ ಲಕ್ಷ್ಮಿಕಾಂತ ಎಂಬ ಸುರಕ್ಷತಾ ಅಧಿಕಾರಿ ಆ ಮೂಲೆಯ ವಿಕಿರಣವನ್ನೇ ಅಳೆದು, ಸರಿಯಿದೆ ಎಂಬಂತೆ ತಲೆಯಾಡಿಸಿದ. ಹಣಮವ್ವ ಚಹಾ ತಂದಳು.

"ರೇಡಿಯಂ ಅಂದ್ರ ಟ್ರ್ಯಾಕ್ಟರ್ ಹಿಂದ ಹೊಳ್ಯೋ ಪಟ್ಟಿ ಹಚ್ಚತಾರಲ್ರಿ, ಅದೇನ್ರಿ ಸಾಹೇಬ್ರ? ಅದಕ್ಕ ಜೀಪ್ ಬೇಕಾ?"

"ಅದು ಬ್ಯಾರೆ, ಅವ್ವಾ. ಇದು ಮೈಯಾಗ ಹೊಕ್ಕತದ."

"ನನಗೇನು ಅಂಜಿಕಿಲ್ಲ ಬಿಡ್ರಿ. ನಮ್ಮ ಮೇಡಂ ಭಾಳ ಹುಷಾರ್ ಅದಾರ. ನನಗ ಮುಟ್ಟಲಿಕ್ಕೂ ಬಿಟ್ಟಿಲ್ಲ."

ಜಯಮಾಲಾ ಕಪ್ಪನ್ನು ಕೆಳಗಿಟ್ಟಳು. "ಅದು ಮೊದಲ ಈ ಕಲ್ಲಿಗೆ ಹತ್ತಿ ಇತ್ತರಿ. ಹಂಗೇ ಇಟ್ಟು, ಆಚೆ ಕಡಿಂದ ಅಳೀರಿ."

"ಆಚೆ ಕಡಿ ಏನದರಿ?" ಎಂದ ಲಕ್ಷ್ಮಿಕಾಂತ.

"ನನ್ನ ಸ್ಟೂಲು," ಎಂದಳು ಹಣಮವ್ವ. ಆಮೇಲೆ ಮೆಲ್ಲಗೆ, "ನಿಮಗ ಗೊತ್ತಿತ್ತೇನ್ರಿ, ಮೇಡಂ?"

"ಹೋದ ವಾರ ಗೊತ್ತಾತು. ಹೇಳಲಿಲ್ಲ."

"ಕಲ್ಲು ತಣ್ಣಗಿತ್ತಂತ ಕುಂತಿದ್ದೆ ನಾ."

ಲಕ್ಷ್ಮಿಕಾಂತ ಇಕ್ಕಳದಿಂದ ಡಬ್ಬಿಯನ್ನು ಹಳೆಯ ಜಾಗದಲ್ಲಿಟ್ಟು, ಪಡಸಾಲೆಗೆ ಬಂದು, ಬೆನ್ನು ತಾಗುವ ಎತ್ತರಕ್ಕೆ ಮೀಟರ್ ಹಿಡಿದ. ಗಂಟೆಗೆ ೦.೪೬ ಮೈಕ್ರೋಸೀವರ್ಟ್. "ಎರಡು ತಿಂಗಳಿಗೆ ಒಂದು ಎಕ್ಸ್‌ರೇ ತಗಸಿದಷ್ಟು, ಅವ್ವಾ. ಜಡ್ಡು ಬರಂಗಿಲ್ಲ."

ಹಣಮವ್ವ ಕೇಳಿಸಿಕೊಂಡಳು. ಜಯಮಾಲಾಳ ಕಡೆ ನೋಡಲಿಲ್ಲ.

"ಡಬ್ಬಿ ಅಲ್ಲೇ ಇರಲಿ, ಸಾಹೇಬ್ರ. ಮೇಡಂ ಕುರ್ಚಿ ಹತ್ರನೂ ಒಮ್ಮೆ ಹಿಡೀರಿ."

ಅವನು ಹಿಡಿದು, ಮೀಟರನ್ನು ಜಯಮಾಲಾಳ ಕಡೆ ತಿರುಗಿಸಿದ. ಅಂಕಿಯನ್ನು ಜಯಮಾಲಾಳೇ ಗಟ್ಟಿಯಾಗಿ ಓದಬೇಕಾಯಿತು: ಗಂಟೆಗೆ ೦.೧೨ ಮೈಕ್ರೋಸೀವರ್ಟ್, ಡಬ್ಬಿಯೇ ಇಲ್ಲದ ಕಡೆ ಇರುವಷ್ಟೇ.